ಮೂರೇ ದಿನಕ್ಕೆ ಮುಗಿಸಿದವನು

ನಮ್ಮೂರಲ್ಲಿ ಒಬ್ಬರಿಗೆ ಒಂದೇ ಕಾದಂಬರಿ. ಎರಡನೆಯದು ಕೇಳಿದರೂ ಸಿಗುವುದಿಲ್ಲ, ಅತ್ತರೂ ಸಿಗುವುದಿಲ್ಲ, ಪುಸ್ತಕದಮ್ಮನ ಹೊಸ್ತಿಲಲ್ಲಿ ಉಪವಾಸ ಕೂತರೂ ಸಿಗುವುದಿಲ್ಲ. ನಾನು ಕೇಳಿದವನು, ಅತ್ತವನು, ಉಪವಾಸ ಕೂತವನು. ಉಪವಾಸ ಮಾತ್ರ ಮಧ್ಯಾಹ್ನದವರೆಗೆ. ಒಳಗಿಂದ ಒಗ್ಗರಣೆ ವಾಸನೆ ಬಂತು, ಎದ್ದುಬಿಟ್ಟೆ. ನನ್ನ ಹಣೆಬರಹವೇ ಅಷ್ಟು, ತಾಳ್ಮೆ ಅನ್ನುವುದು ನನ್ನನ್ನು ಕಂಡರೆ ಬೇರೆ ಬೀದಿ ಹಿಡಿಯುತ್ತದೆ.

ಹದಿನಾರು ತುಂಬಿದ ದಿನ ತಲೆಗೆ ನೀರು ಹಾಕಿಕೊಂಡು, ಒದ್ದೆ ಕೂದಲಲ್ಲೇ ಪುಸ್ತಕದಮ್ಮನ ಮನೆಗೆ ಹೋಗಬೇಕು. ಪುಸ್ತಕದಮ್ಮ ಅಂದರೆ ಊರಿಗೆಲ್ಲ ಕಾದಂಬರಿ ಹಂಚುವವಳು. ಅವಳ ವಯಸ್ಸು ಎಷ್ಟು ಅಂತ ಯಾರೂ ಕೇಳಿಲ್ಲ, ಆ ಕಾದಂಬರಿಗಳನ್ನು ಬರೆದವರು ಯಾರು ಅಂತಲೂ ಕೇಳಿಲ್ಲ. ಅವಳು ಕೈಗೆ ಎರಡು ವಸ್ತು ಇಡುತ್ತಾಳೆ. ಒಂದು ಕಾದಂಬರಿ, ಇಟ್ಟಿಗೆಯಷ್ಟು ದಪ್ಪ. ಇನ್ನೊಂದು ಕಿಂಡಿಪಟ್ಟಿ. ಪುಟಕ್ಕಿಂತ ಸ್ವಲ್ಪ ದೊಡ್ಡದಾದ ತಾಮ್ರದ ತಗಡು ಅದು. ಮೇಲ್ಗಡೆ ಒಂದೇ ಒಂದು ಸಾಲು ಕಾಣುವಷ್ಟು ಸೀಳು.

‘ದಿನಕ್ಕೊಂದು ಸಾಲು’ ಅನ್ನುತ್ತಾಳೆ ಪುಸ್ತಕದಮ್ಮ.

‘ಸಾಲಿಗೊಂದು ದಿನ’ ಅನ್ನಬೇಕು ನಾವು.

ಅಷ್ಟೇ ದೀಕ್ಷೆ. ಯಾಕೆ ಒಂದೇ ಸಾಲು ಅಂದರೆ, ನಮ್ಮೂರಲ್ಲಿ ಓದಿದ ಸಾಲು ಉಳಿಯುವುದಿಲ್ಲ. ಕಣ್ಣು ಬಿದ್ದ ಸಾಲು ಮರಳಿಗೆ ಬಿದ್ದ ನೀರಿನ ಹಾಗೆ ಇಂಗಿಹೋಗುತ್ತದೆ, ಆಮೇಲೆ ಬರೀ ಬಿಳಿ ಕಾಗದ. ಯಾರ ಕಣ್ಣಾದರೂ ಸರಿ, ಒಂದು ಸಲ ಬಿದ್ದರೆ ಮುಗಿಯಿತು. ದಿನಕ್ಕೊಂದು ಸಾಲಿನ ಲೆಕ್ಕದಲ್ಲಿ ಓದಿದರೆ ಕಾದಂಬರಿ ಎಂಬತ್ತು ವಯಸ್ಸಿನ ಹತ್ತಿರಕ್ಕೆ ಬರುತ್ತದೆ. ಅಂದರೆ ಒಬ್ಬ ಮನುಷ್ಯನಿಗೆ ಸಾಕಾಗುವಷ್ಟು.

ಊರ ನಡುವೆ ಒಂದು ಬಯಲು. ಬಯಲಿನ ಆ ಕಡೆ ಮೂಡುಜಗಲಿ, ಈ ಕಡೆ ಪಡುಜಗಲಿ. ಬೆಳಗಾದರೆ ಊರೆಲ್ಲ ಮೂಡುಜಗಲಿಗೆ ಬಂದು ಕೂರುತ್ತದೆ. ಪುಸ್ತಕ ಬಿಚ್ಚುತ್ತಾರೆ, ಪಟ್ಟಿ ಇಡುತ್ತಾರೆ, ಸಾಲು ಓದುತ್ತಾರೆ, ಪುಸ್ತಕ ಮುಚ್ಚುತ್ತಾರೆ. ಆಮೇಲೆ ಪಕ್ಕದವರ ಕಡೆ ತಿರುಗಿ ‘ಮುಂದೇನಂತೆ?’ ಅಂತ ಕೇಳುತ್ತಾರೆ. ಪಕ್ಕದವರು ಕೈ ತಿರುಗಿಸಿ ‘ಯಾರಿಗೆ ಗೊತ್ತು!’ ಅನ್ನುತ್ತಾರೆ. ನಿಮ್ಮ ಕಡೆ ಚೆನ್ನಾಗಿದ್ದೀರಾ, ಚೆನ್ನಾಗಿದ್ದೀವಿ ಅನ್ನುತ್ತಾರಲ್ಲ, ನಮ್ಮಲ್ಲಿ ಅದೇ ಇದು. ಗೊತ್ತಿಲ್ಲ ಅಂತ ಹೇಳುವಾಗ ಆ ಮುಖಗಳನ್ನು ನೋಡಬೇಕು, ಆಗಷ್ಟೇ ಊಟ ಮಾಡಿ ಎದ್ದವರ ಮುಖ! ಒಬ್ಬರ ಕಾದಂಬರಿಯಲ್ಲಿ ಕಳ್ಳ ಗೋಡೆ ಹತ್ತಿ ವಾರ ಆಗಿರುತ್ತದೆ, ಇನ್ನೂ ಇಳಿದಿರುವುದಿಲ್ಲ. ಇನ್ನೊಬ್ಬರದರಲ್ಲಿ ಮದುಮಗ ಹೊಸ್ತಿಲ ಮೇಲೆ ಒಂದು ಕಾಲಿಟ್ಟು ಹೋದ ಹಬ್ಬದಿಂದ ನಿಂತಿರುತ್ತಾನೆ. ಇವರು ಅದನ್ನೇ ನೆನೆಸಿಕೊಂಡು ನೇಗಿಲು ಹೂಡುತ್ತಾರೆ, ರೊಟ್ಟಿ ತಟ್ಟುತ್ತಾರೆ, ಜಗಳ ಆಡುತ್ತಾರೆ.

ಕಾದಂಬರಿ ಮುಗಿದವರು ಪಡುಜಗಲಿಗೆ ಬರಬೇಕು. ಅದು ದೊಡ್ಡ ಮರ್ಯಾದೆ. ಪುಸ್ತಕದಮ್ಮ ಬಂದು ಶಾಲು ಹೊದಿಸುತ್ತಾಳೆ, ಊರುಗೋಲು ಕೊಡುತ್ತಾಳೆ. ಎಲ್ಲರೂ ಎದ್ದು ನಿಲ್ಲುತ್ತಾರೆ, ಮುಗಿಸಿದ ಅಜ್ಜನೋ ಅಜ್ಜಿಯೋ ಬಯಲು ದಾಟಿ ಬಂದು ಪಡುಜಗಲಿಯಲ್ಲಿ ಕೂರುತ್ತಾರೆ. ಆಮೇಲೆ ಅವರಿಗೆ ಕೆಲಸ ಹೇಳುವುದಿಲ್ಲ. ಬಿಸಿ ಗಂಜಿ ಮೊದಲು ಅವರಿಗೇ. ಒಂದು ಮಾತು ಮಾತ್ರ ಅವರಿಗಿಲ್ಲ. ‘ಮುಂದೇನಂತೆ’ ಅಂತ ಪಡುಜಗಲಿಯವರನ್ನು ಯಾರೂ ಕೇಳುವುದಿಲ್ಲ. ಕೇಳಿದರೆ ಅಪಶಕುನ.

ಈಗ ನನ್ನ ಘನಕಾರ್ಯಕ್ಕೆ ಬರುತ್ತೇನೆ.

ನನಗೆ ಬಂದದ್ದು ಒಬ್ಬ ದೋಣಿಯವಳ ಕಾದಂಬರಿ. ಮೊದಲನೆಯ ಸಾಲು ಇವತ್ತಿಗೂ ನಾಲಿಗೆ ಮೇಲಿದೆ: ‘ಹೊಳೆ ದಾಟುವವರೆಲ್ಲ ನನ್ನ ದೋಣಿಯಲ್ಲಿ ಏನಾದರೊಂದು ಮರೆತುಹೋಗುತ್ತಾರೆ.’ ಅಬ್ಬಾ, ಆ ಸಾಲು ಓದಿದ ದಿನ ನಾನು ನೆಲದ ಮೇಲೆ ನಡೆಯಲೇ ಇಲ್ಲ. ಹತ್ತು ದಿನ ನಿಯತ್ತಾಗಿ ಓದಿದೆ. ಮೂಡುಜಗಲಿಯಲ್ಲಿ ಕೂತು ‘ಯಾರಿಗೆ ಗೊತ್ತು!’ ಅಂತ ಎಲ್ಲರಿಗಿಂತ ಜೋರಾಗಿ ಕೂಗಿದೆ. ಹನ್ನೊಂದನೆಯ ದಿನದ ಸಾಲು ಹೀಗಿತ್ತು: ‘ಆ ಬೆಳಿಗ್ಗೆ ಆಚೆ ದಡಕ್ಕೆ ಹೋದ ನನ್ನ ತಮ್ಮ ಮರಳಿ’.

ಅಷ್ಟೇ. ಮರಳಿ!

ಮರಳಿ ಬಂದನಾ? ಬರಲಿಲ್ಲವಾ? ಬರುವಾಗ ಏನಾದರೂ ಆಯಿತಾ? ನೀವೇ ಹೇಳಿ, ಇದು ನ್ಯಾಯವೇ? ಮಿಕ್ಕವರೆಲ್ಲ ಇಂಥ ಕಡೆ ಬಂದು ನಿಂತಾಗ ತುಟಿ ಚಪ್ಪರಿಸುತ್ತಾರೆ, ಹೆಂಡತಿಗೆ ಹೇಳಿ ಹಂಚಿಕೊಂಡು ಕೊರಗುತ್ತಾರೆ, ಮರುದಿನಕ್ಕೆ ಕಾಯುತ್ತಾರೆ. ನಾನು ಊರಾಚೆ ಮಡಕೆ ಸುಡುವ ಕುಂಬಾರರ ಖಾಲಿ ಆವಿಗೆಗೆ ಹೋದೆ. ಒಳಗೆ ಕೂತು, ಒಂದೇ ಒಂದು ಸಾಲು ಅಂತ ಹೇಳಿಕೊಂಡು, ಪಟ್ಟಿ ಜರುಗಿಸಿದೆ. ಆಮೇಲೆ ಇನ್ನೊಂದು. ಆಮೇಲೆ ಪಟ್ಟಿಯನ್ನೇ ಎಸೆದೆ. ತಾಮ್ರ ಕಲ್ಲಿಗೆ ತಗುಲಿ ಠಣ್ ಅಂದಿತು. ಆ ಸದ್ದು ನನಗೆ ಆಗ ಎಷ್ಟು ಖುಷಿ ಕೊಟ್ಟಿತು ಅಂತ ಹೇಳೋಕೆ ಈಗ ನಾಚಿಕೆಯಾಗುತ್ತದೆ.

ಮೂರು ಹಗಲು. ಸೂರ್ಯ ಮುಳುಗಿದರೆ ಶಪಿಸುತ್ತಿದ್ದೆ, ಹುಟ್ಟಿದರೆ ಬಿಚ್ಚುತ್ತಿದ್ದೆ. ನಕ್ಕೆ, ಬಿಕ್ಕಿದೆ, ‘ಹೋಗಬೇಡ ಕಣೋ ಅಲ್ಲಿಗೆ’ ಅಂತ ಆವಿಗೆಯ ಗೋಡೆಗೆ ಕೂಗಿದೆ. ನಡುವೆ ಪುಟಗಟ್ಟಲೆ ಊರುಕೇರಿ, ಮಾತುಕತೆ, ಹಾಡುಹಸೆ ಬಂದವು. ತಮ್ಮ ಎಲ್ಲಿ, ತಮ್ಮ ಎಲ್ಲಿ ಅಂತ ಅವುಗಳ ಮೇಲೆ ಹಾರಿಕೊಂಡು ಓಡಿದೆ. ಹಿಂದೆ ಪುಟಗಳು ಬೆಳ್ಳಗಾಗುತ್ತ ಬಂದವು, ನಾನು ತಿರುಗಿ ನೋಡಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಬೆರಳಿಗೆ ತೆಳ್ಳಗೆ ಹತ್ತಿತು. ಉಳಿದದ್ದು ದೋಸೆಯಷ್ಟು ದಪ್ಪ. ಇನ್ನಾದರೂ ಉಳಿಸಿಕೊಳ್ಳೋಣ ಅಂದುಕೊಂಡೆ. ಹಾಗೆ ಅಂದುಕೊಳ್ಳುವಷ್ಟರಲ್ಲಿ ಇನ್ನೆರಡು ಪುಟ ಮುಗಿದಿತ್ತು.

ತಮ್ಮ ಮರಳಿ ಬಂದ. ಕೊನೆಯ ಪುಟದಲ್ಲಿ ಬಂದ. ನಾನು ಆನಂದದಿಂದ ಕೂಗಿದೆ, ಕೂಗು ಮುಗಿಯುವಷ್ಟರಲ್ಲಿ ಪುಟ ಖಾಲಿಯಾಯಿತು. ತಿರುವಿದೆ, ರಟ್ಟು ಬಂತು. ಹಿಂದಕ್ಕೆ ತಿರುವಿದೆ, ಬಿಳಿ. ಬಿಸಿಲಿಗೆ ಹಿಡಿದೆ, ಬಿಳಿ. ಮೂಸಿ ನೋಡಿದೆ, ಶಾಯಿಯಿಲ್ಲದ ಬರೀ ಕಾಗದದ ವಾಸನೆ. ಅವರೆಲ್ಲ ನನ್ನನ್ನು ಬಿಟ್ಟು ಹೋಗಿದ್ದರು. ಹೋಗಿದ್ದರು ಅನ್ನುತ್ತೇನಲ್ಲ, ನಾನೇ ಅಟ್ಟಿಸಿಕೊಂಡು ಹೋಗಿ ಓಡಿಸಿದ್ದು.

ಮೈತುಂಬ ಮಸಿ ಬಳಿದುಕೊಂಡು ಖಾಲಿ ಪುಸ್ತಕದ ಜೊತೆ ಮನೆಗೆ ಹೋದೆ. ಅವ್ವ ಪುಟ ತಿರುವಿ ನೋಡಿದಳು, ಪೂರ್ತಿ ತಿರುವಿದಳು, ಕೆಳಗೆ ಕೂತಳು.

‘ಬೇಯೋ ತನಕ ಕಾದೋನಿಗೆ ಆರೋ ತನಕ ಕಾಯಕ್ಕಾಗ್ಲಿಲ್ವಲ್ಲೋ! ಇನ್ನು ಅರವತ್ತು ವರ್ಷ ಬೆಳಿಗ್ಗೆ ಎದ್ದು ಏನ್ ಮಾಡ್ತೀಯ?’

ನನಗೆ ಆ ಪ್ರಶ್ನೆ ಹೊಳೆದೇ ಇರಲಿಲ್ಲ.

ಊರಿಗೂ ಕಷ್ಟ ಬಂತು. ಇಂಥವನನ್ನು ಏನು ಮಾಡಬೇಕು ಅಂತ ಎಲ್ಲೂ ಹೇಳಿಲ್ಲ. ಬೈಯಬೇಕು ಅಂದರು ಕೆಲವರು. ಮುಗಿಸಿದವನು ಮುಗಿಸಿದವನೇ, ಕಟ್ಟಳೆ ಕಟ್ಟಳೆಯೇ ಅಂದರು ಹಲವರು. ಪುಸ್ತಕದಮ್ಮ ಶಾಲು, ಊರುಗೋಲು ತಂದಳು. ಮೀಸೆ ಸರಿಯಾಗಿ ಚಿಗುರಿರಲಿಲ್ಲ, ಕೈಗೆ ಊರುಗೋಲು ಬಂತು! ಎಲ್ಲರೂ ಎದ್ದು ನಿಂತರು, ನಾನು ಬಯಲು ದಾಟಿದೆ. ಎಂಬತ್ತರವರು ಅರ್ಧ ದಿನ ದಾಟುವ ಬಯಲು ಅದು. ನಾನು ಅಲ್ಲೂ ಆತುರಬಿದ್ದು ಬೇಗ ಮುಟ್ಟಿಬಿಟ್ಟೆ. ಪಡುಜಗಲಿಯ ಅಜ್ಜಂದಿರು ಜರುಗಿ ಜಾಗ ಮಾಡಿಕೊಟ್ಟರು. ಒಬ್ಬ ಅಜ್ಜ ಕಿವಿಯಲ್ಲಿ ‘ಮಂಡಿನೋವಿಗೆ ಎಕ್ಕದೆಲೆ ಒಳ್ಳೇದು ಮಗಾ’ ಅಂದ.

ಆವತ್ತಿಂದ ನನ್ನ ಹೆಸರು ನುಂಗಣ್ಣ. ಅವ್ವ ಇಟ್ಟ ಹೆಸರು ಯಾರಿಗೂ ನೆನಪಿಲ್ಲ. ಮಕ್ಕಳಿಗೆ ಉಣ್ಣಿಸುವಾಗ ತಾಯಂದಿರು ‘ಅಗಿದು ತಿನ್ನು, ಇಲ್ದಿದ್ರೆ ನುಂಗಣ್ಣ ಆಗ್ತೀಯ’ ಅನ್ನುತ್ತಾರೆ. ಪಡುಜಗಲಿಯವನಿಗೆ ಯಾರು ಹೆಣ್ಣು ಕೊಡುತ್ತಾರೆ? ಯಾರು ಕೆಲಸ ಕೊಡುತ್ತಾರೆ? ಗಂಜಿ ಮಾತ್ರ ಬಿಸಿಬಿಸಿಯಾಗಿ ಮೊದಲು ನನಗೇ ಬರುತ್ತಿತ್ತು, ಅದೂ ಆತುರಕ್ಕೆ ನಾಲಿಗೆ ಸುಟ್ಟುಕೊಳ್ಳುತ್ತಿದ್ದೆ. ಮೂವತ್ತು ವರ್ಷ ಹೀಗೇ. ಕೆಮ್ಮುವುದು ಕಲಿತೆ. ನಿಟ್ಟುಸಿರು ಬಿಡುವುದರಲ್ಲಿ ಅಜ್ಜಂದಿರನ್ನೇ ಮೀರಿಸಿದೆ. ಅವರು ಒಬ್ಬೊಬ್ಬರಾಗಿ ಹೋದರು, ಒಬ್ಬೊಬ್ಬರಿಗೂ ನಾನೇ ಹೆಗಲು ಕೊಟ್ಟೆ, ಅವರ ಜಾಗಕ್ಕೆ ಬಂದವರೂ ಹೋದರು. ಬೆಳಗಾದರೆ ಬಯಲಿನ ಆ ಕಡೆಯಿಂದ ‘ಮುಂದೇನಂತೆ? ಯಾರಿಗೆ ಗೊತ್ತು! ಮುಂದೇನಂತೆ? ಯಾರಿಗೆ ಗೊತ್ತು!’ ಅಂತ ಗುಬ್ಬಿಗಳ ಹಾಗೆ ಕೇಳಿಸುತ್ತಿತ್ತು. ನನ್ನ ಮಡಿಲಲ್ಲಿ ಬಿಳಿ ಪುಸ್ತಕ. ಸತ್ಯ ಹೇಳುತ್ತೇನೆ, ನನಗೆ ಹೆಂಡತಿ ಬೇಡ, ಹೆಸರು ಬೇಡ. ನಾಳೆಗೆ ಅಂತ ಒಂದು ಸಾಲು ಇರಬೇಕಿತ್ತು, ಒಬ್ಬರಾದರೂ ಮುಂದೇನಂತೆ ಅಂತ ಕೇಳಬೇಕಿತ್ತು. ಮೂವತ್ತು ವರ್ಷ ನಾನು ಆಸೆಪಟ್ಟಿದ್ದು ಅಷ್ಟೇ.

ಅಂಥಾ ನನ್ನ ಮುಂದೆ ಒಂದು ದಿನ ಕಂಬಳಿ ಅಜ್ಜಿ ಬಂದು ನಿಂತಳು.

ಕಂಬಳಿ ನೇಯುವ ಅಜ್ಜಿ ಅವಳು. ಎಂಬತ್ನಾಲ್ಕು ವರ್ಷ. ಓರಗೆಯವರೆಲ್ಲ ಪಡುಜಗಲಿಗೆ ಬಂದು, ಅಲ್ಲಿಂದಲೂ ಮುಂದೆ ಹೋಗಿದ್ದರು. ಅವಳು ಮಾತ್ರ ಮೂಡುಜಗಲಿ ಬಿಟ್ಟಿರಲಿಲ್ಲ. ಜಿಪುಣಿ ಅಂದರೆ ಜಿಪುಣಿ. ಮನೆಗೆ ನೆಂಟರು ಬಂದರೆ ‘ಇವತ್ತಿಗೆ ಇವರೇ ಸಾಕು’ ಅಂತ ಸಾಲು ಉಳಿಸುತ್ತಿದ್ದಳು. ಹಬ್ಬ ಬಂದರೆ ಉಳಿಸುತ್ತಿದ್ದಳು. ಸೊಸೆಯ ಜೊತೆ ಒಳ್ಳೆಯ ಜಗಳ ಆದರೂ ಉಳಿಸುತ್ತಿದ್ದಳು. ನನ್ನಂಥವನಿಗೆ ಹೊಟ್ಟೆ ಉರಿಯಲಿಕ್ಕೆ ಇಷ್ಟು ಸಾಲದೆ?

‘ನುಂಗಣ್ಣ, ಇದ್ದೀಯೇನೋ?’ ಅಂದಳು, ನನ್ನ ಪಕ್ಕದ ಕಂಬದ ಕಡೆ ತಿರುಗಿ.

‘ಈ ಕಡೆ ಅಜ್ಜಿ.’

‘ಕಣ್ಣಿಗೆ ಪೊರೆ ಬಂತು ಕಣೋ. ಮೊನ್ನೆಯಿಂದ ಸೀಳಿನಲ್ಲಿ ಬರೀ ಮಂಜು. ಒಂದೇ ಪುಟ ಉಳಿದಿದೆ. ಇಪ್ಪತ್ತೆಂಟು ಸಾಲು. ಓದಿ ಹೇಳೋರು ಬೇಕು.’

ತನ್ನ ಕಾದಂಬರಿ ಮುಗಿಯದವರು ಇನ್ನೊಬ್ಬರ ಪುಸ್ತಕ ನೋಡುವ ಹಾಗಿಲ್ಲ, ಎರಡು ಕತೆ ಒಂದು ತಲೆಯಲ್ಲಿ ಕಲಸಿಹೋಗುತ್ತವೆ ಅಂತ ನಮ್ಮೂರ ಭಯ. ಹಾಗಾಗಿ ಮೂಡುಜಗಲಿಯವರು ಯಾರೂ ಆಗುವುದಿಲ್ಲ. ಪಡುಜಗಲಿಯಲ್ಲಿ ಇರುವವರಿಗೆಲ್ಲ ಎಂಬತ್ತರ ಮೇಲೆ, ತಮ್ಮ ಗಂಜಿ ಬಟ್ಟಲೇ ಕಾಣುವುದಿಲ್ಲ. ಮುಗಿಸಿದವನೂ ಆಗಿರಬೇಕು, ಹದ್ದಿನ ಕಣ್ಣೂ ಇರಬೇಕು ಅಂದರೆ ಇಡೀ ಊರಿಗೆ ನಾನೊಬ್ಬನೇ. ಅಜ್ಜಿಗೆ ಅದು ಗೊತ್ತು. ಅವಳ ಮುಖದಲ್ಲಿ ಹಾಗಲಕಾಯಿ ಕಚ್ಚಿದ ಕಳೆ ಇತ್ತು.

‘ಬೆಕ್ಕಿನ ಕೈಗೆ ಹಾಲಿನ ಪಾತ್ರೆ ಕೊಡ್ತಿದ್ದೀಯಲ್ಲೇ ಅಜ್ಜೀ!’ ಅಂತ ಆ ಕಡೆಯಿಂದ ಯಾರೋ ಕೂಗಿದರು.

‘ಬೇರೆ ಬೆಕ್ಕು ಇದ್ರೆ ಕಳಿಸ್ರೋ’ ಅಂದಳು ಅಜ್ಜಿ.

ಅವಳ ಕಾದಂಬರಿ ಒಬ್ಬ ಮದುಮಗಳದು. ಗಂಡನ ಮನೆ ಏಳು ಗುಡ್ಡದ ಆಚೆ. ಅವಳು ತೌರಿನ ಒಲೆಯ ಒಂದು ಕೆಂಡವನ್ನು ಮಣ್ಣಿನ ಕುಡಿಕೆಯಲ್ಲಿ ಬೂದಿ ಹೊದಿಸಿ ಇಟ್ಟುಕೊಂಡು, ಆರದ ಹಾಗೆ ನಡೆದುಕೊಂಡು ಹೋಗಬೇಕು. ಇಡೀ ಕಾದಂಬರಿ ಅಷ್ಟೇ, ನಡೆಯುವುದು. ಗಾಳಿ, ಮಳೆ, ಕಳ್ಳರು, ಜ್ವರ. ಅರವತ್ತೆಂಟು ವರ್ಷದಿಂದ ಅಜ್ಜಿ ಆ ಕುಡಿಕೆಯ ಜೊತೆ ನಡೆದಿದ್ದಾಳೆ. ‘ಒಳಗೆ ಕೆಂಡ ಇದ್ಯೋ, ಎಂದೋ ಬೂದಿ ಆಗಿದ್ಯೋ, ಅದೊಂದು ಗೊತ್ತಾದ್ರೆ ಸಾಕು ಕಣೋ ನಂಗೆ’ ಅಂದಳು. ಅಂದು ಪುಸ್ತಕವನ್ನು ನನ್ನ ಮಡಿಲಲ್ಲಿ ಇಟ್ಟಳು.

ಕಿಂಡಿಪಟ್ಟಿ ಕೊಡಲು ಬಂದಳು. ನಾನು ಬೇಡ ಅಂದೆ. ‘ನಲವತ್ತಾರು ವರ್ಷ ಅಜ್ಜಿ ನನಗೆ, ಇನ್ನೂ ಹುಡುಗಾಟವಾ?’ ಅಂತ ದೊಡ್ಡದಾಗಿ ಹೇಳಿದೆ. ಪುಟ ಬಿಚ್ಚಿದೆ. ಕಪ್ಪು ಅಕ್ಷರ! ಮೂವತ್ತು ವರ್ಷದ ಮೇಲೆ ಕಂಡ ಕಪ್ಪು ಅಕ್ಷರ! ನಾಲಿಗೆ ಒಂದನೆಯ ಸಾಲಿನ ಅರ್ಧದಲ್ಲಿದೆ, ಕಣ್ಣು ಮೂರನೆಯದನ್ನು ಮುಗಿಸಿ ಬಾಯಿ ಒರೆಸಿಕೊಳ್ಳುತ್ತಿದೆ. ಮೂರೂ ಸಾಲು ಇಂಗಿಹೋದವು. ಬೇರೆ ದಾರಿ ಇಲ್ಲದೆ ಮೂರನ್ನೂ ಒಂದೇ ಉಸಿರಿಗೆ ಹೇಳಿದೆ.

 ಅಜ್ಜಿ ಸೊಂಟದಿಂದ ನೂಲುವ ಕದಿರು ಕಿತ್ತು, ಕಣ್ಣು ಕಾಣದಿದ್ದರೂ ಸರಿಯಾಗಿ ನನ್ನ ಮಂಡಿಗೇ ಬಾರಿಸಿದಳು. ‘ಮೂರು ದಿನ! ನನ್ನ ಮೂರು ದಿನ ತಿಂದ್ಬಿಟ್ಟೆಯಲ್ಲೋ ಪಾಪಿ! ನಿನ್ನ ಬಾಯಿಗೆ ಮಣ್ಣು ಹಾಕ!’

ಮಂಡಿನೋವು ನಿಜವಾಗಿ ಶುರುವಾದದ್ದು ಆವತ್ತೇ.

ಮರುದಿನ ಅವಳೇ ಪಟ್ಟಿ ಹಿಡಿದು ಕೂತಳು. ಅವಳ ಪಟ್ಟಿ ಅರವತ್ತೆಂಟು ವರ್ಷದ ಬೆರಳಿಗೆ ಸವೆದು ಅಂಚು ನುಣ್ಣಗಾಗಿತ್ತು. ಪಟ್ಟಿಯ ಮೇಲೆ ಅವಳ ಕೈ, ಸೀಳಿನ ಒಳಗೆ ನನ್ನ ಕಣ್ಣು. ನಾನು ಓದಿದೆ, ಸಾಲು ಇಂಗಿತು, ಅವಳು ಪಟ್ಟಿ ಒತ್ತಿಹಿಡಿದು ‘ಮುಚ್ಚು’ ಅಂದಳು. ಮುಚ್ಚಿದೆ. ಮುಚ್ಚುವಾಗ ಕೆಳಗಿನ ಸಾಲುಗಳು ತಾಮ್ರದ ಅಡಿಯಲ್ಲಿ ಇರುವೆಗಳ ಹಾಗೆ ಓಡಾಡುತ್ತಿವೆ ಅನ್ನಿಸಿತು.

ಹೀಗೆ ಒಂದು ದಿನ, ಎರಡು ದಿನ, ಹತ್ತು ದಿನ. ಪಟ್ಟಿಯ ಮೇಲೆ ಅವಳ ಕೈ, ಸೀಳಿನ ಒಳಗೆ ನನ್ನ ಕಣ್ಣು. ಒಂದು ಬೆಳಿಗ್ಗೆ ‘ಏಳನೆಯ ಗುಡ್ಡದ ನೆತ್ತಿಯಲ್ಲಿ ಗಾಳಿ ನಿಂತಿತು, ಅವಳಿಗೆ ಅದೇ’ ಅಂತ ಬಂತು. ಅದೇ ಏನು? ಅದೇ ಸಮಾಧಾನವಾ, ಅದೇ ಭಯವಾ? ಇಡೀ ದಿನ ಊರು ಸುತ್ತಿದೆ. ಗಾಳಿ ಬೀಸಿದರೆ ನಿಂತು ನೋಡಿದೆ, ನಿಂತರೆ ಹೆದರಿದೆ. ಗಂಜಿ ಆರುವ ತನಕ ಬಟ್ಟಲು ಹಿಡಿದು ಕೂತಿದ್ದೆನಂತೆ, ಬಡಿಸಿದವಳು ಹೆದರಿ ಹಣೆ ಮುಟ್ಟಿ ನೋಡಿದಳು. ಮರುದಿನ ‘ಹೆಚ್ಚು ಹೆದರಿಕೆಯಾಯಿತು’ ಅಂತ ಬಂದಾಗ ನಾನೂ ಅಜ್ಜಿಯೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡೆವು. ನನಗೆ ನಾಳೆ ಅನ್ನುವುದು ಮತ್ತೆ ಬಂದಿತ್ತು. ಇನ್ನೊಬ್ಬರ ಎಂಜಲು ನಾಳೆ, ಇರಲಿ, ನಾಳೆಯೇ ಅಲ್ಲವೆ? ಅಷ್ಟು ಸುಖವಾಗಿದ್ದೆ.

ಐದು ಸಾಲು ಉಳಿದಿದ್ದಾಗ ಅಜ್ಜಿ ಮಲಗಿಬಿಟ್ಟಳು. ಮೈ ಕಾದ ಹಂಚಿನ ಹಾಗೆ ಸುಡುತ್ತಿತ್ತು. ಬೆಳಿಗ್ಗೆ ನಾನೇ ಪುಸ್ತಕ ಹಿಡಿದು ಅವಳ ಮನೆಗೆ ಹೋದೆ. ಕಂಬಳಿ ಮಗ್ಗದ ಪಕ್ಕ ಚಾಪೆಯಲ್ಲಿ ಮಲಗಿದ್ದಳು, ಸೊಸೆ ಒದ್ದೆ ಬಟ್ಟೆ ಇಡುತ್ತಿದ್ದಳು.

‘ಓದು’ ಅಂದಳು ಅಜ್ಜಿ. ಒಂದು ಸಾಲು ಓದಿದೆ. ಮದುಮಗಳು ಗಂಡನ ಮನೆಯ ಅಂಗಳಕ್ಕೆ ಬಂದಳು. ನಾನು ಪುಸ್ತಕ ಮುಚ್ಚಿದೆ.

‘ಯಾಕೋ ಮುಚ್ದೆ? ಓದು.’

‘ನಾಳೆ ಅಜ್ಜಿ.’

‘ಎಲ್ಲಾ ಓದ್ಬಿಡು ಇವತ್ತು.’

‘ದಿನಕ್ಕೊಂದು ಸಾಲು’ ಅಂದೆ. ನಾನು! ಈ ಬಾಯಿಂದ!

ಅಜ್ಜಿ ತಲೆ ಎತ್ತಿದಳು. ‘ಅಯ್ಯೋ ನಿನ್ನ ಮನೆ ಕಾಯ್ವಾಗ! ನಾಳೆ ಅನ್ನೋದು ನಿಮ್ಮಪ್ಪನ ಮನೆ ಆಸ್ತಿ ಏನೋ? ಈ ಜ್ವರ ನೋಡು. ಸಂಜೆಗೆ ಇರ್ತೀನೋ ಇಲ್ವೋ. ಅರವತ್ತೆಂಟು ವರ್ಷ ಆ ಕುಡಿಕೆ ಹೊತ್ಕೊಂಡು ಬಂದು, ಒಳಗೇನಿದೆ ಅಂತ ತಿಳೀದೆ ಹೋಗ್ಲಾ?’

‘ಆತುರ ಬೇಡ ಅಜ್ಜಿ’ ಅಂದೆ. ಸೊಸೆ ನನ್ನ ಕಡೆ ನೋಡಿದ ನೋಟಕ್ಕೆ ನಾನು ಅಲ್ಲೇ ಕರಗಿಹೋಗಬೇಕಿತ್ತು.

ಸತ್ಯ ಏನು ಅಂತ ಹೇಳಿಬಿಡುತ್ತೇನೆ. ಅಜ್ಜಿಯ ಒಳ್ಳೆಯದಕ್ಕೆ ಹೇಳಿದ್ದಲ್ಲ ಅದು. ನಾಲ್ಕು ಸಾಲು ಉಳಿದಿದ್ದವು, ಅಂದರೆ ನನಗೆ ನಾಲ್ಕು ನಾಳೆ. ಮೂವತ್ತು ವರ್ಷ ಹಸಿದವನು. ಆಗ ಮೂರು ದಿನಕ್ಕೆ ನುಂಗಿದ್ದೂ ನನ್ನ ಹೊಟ್ಟೆಬಾಕತನವೇ, ಈಗ ಮುಚ್ಚಿಟ್ಟುಕೊಂಡಿದ್ದೂ ಅದೇ ಹೊಟ್ಟೆಬಾಕತನ. ಬುದ್ಧಿ ಬಂತು ಅಂದುಕೊಂಡಿದ್ದೆ. ಎಲ್ಲಿಯ ಬುದ್ಧಿ!

ಅಜ್ಜಿ ಇನ್ನೇನೂ ಬೈಯಲಿಲ್ಲ. ಚಾಪೆಯ ಮೇಲೆ ತಡವಿ ಪಟ್ಟಿ ಹುಡುಕಿದಳು, ಸಿಕ್ಕಿದ್ದನ್ನು ನನ್ನ ಕೈಗೆ ಕೊಟ್ಟಳು. ಅವಳ ಕೈಗೆ ಅದನ್ನು ಹಿಡಿಯುವ ಶಕ್ತಿ ಇರಲಿಲ್ಲ. ‘ನೀನೇ ಹಿಡ್ಕೋ, ನಂಬ್ತೀನಿ’ ಅಂದಳು. ಆ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ.

ಪುಸ್ತಕ ಬಿಚ್ಚಿದೆ. ಈಗ ಪಟ್ಟಿಯ ಮೇಲೂ ನನ್ನ ಕೈ, ಸೀಳಿನ ಒಳಗೂ ನನ್ನ ಕಣ್ಣು. ಓದಿದೆ. ಅತ್ತೆ ಬಾಗಿಲಿಗೆ ಬಂದಳು. ಇಂಗಿತು. ಓದಿದೆ. ‘ಕೆಂಡ ತಂದೆಯಾ?’ ಅಂತ ಕೇಳಿದಳು. ಇಂಗಿತು. ಓದಿದೆ. ಮದುಮಗಳು ಉತ್ತರ ಹೇಳದೆ ಒಲೆಯ ಮುಂದೆ ಹೋಗಿ ಕೂತಳು. ಇಂಗಿತು. ಒಂದು ಸಾಲು ಉಳಿಯಿತು. ತಾಮ್ರದ ಅಡಿಯಲ್ಲಿ ಈ ಊರಲ್ಲಿ ನನಗೆ ಉಳಿದ ಕಟ್ಟಕಡೆಯ ಸಾಲು. ನನ್ನ ಕೈ ಜರುಗಲಿಲ್ಲ. ಯಾವ ಕೈ ಹದಿನಾರರಲ್ಲಿ ಪಟ್ಟಿ ಎಸೆದಿತ್ತೋ ಅದೇ ಕೈ ಕಲ್ಲಾಗಿ ಕೂತಿತು.

‘ಓದಪ್ಪಾ’ ಅಂದಳು ಅಜ್ಜಿ, ಮಗುವಿನ ದನಿಯಲ್ಲಿ.

ಜರುಗಿಸಿದೆ. ಒಂದೊಂದೇ ಅಕ್ಷರ, ಜೀವಮಾನದಲ್ಲಿ ಹಾಗೆ ಓದಿರಲಿಲ್ಲ, ನಾಲಿಗೆಗಿಂತ ಒಂದು ಅಕ್ಷರವೂ ಕಣ್ಣು ಮುಂದೆ ಹೋಗಲಿಲ್ಲ: ‘ಮುಚ್ಚಳ ತೆಗೆದಳು, ಬೂದಿಯ ಕೆಳಗೆ ಇನ್ನೂ ಕೆಂಪಿತ್ತು.’

ಅಜ್ಜಿ ‘ಹಾ’ ಅಂದಳು. ಮುಖ ಎಲ್ಲ ನಗು. ‘ಇತ್ತಂತೆ ಕಣೇ! ಆರಿರಲಿಲ್ವಂತೆ ಕಣೇ!’ ಅಂತ ಸೊಸೆಯ ಕೈ ಹಿಡಿದು ಅಲ್ಲಾಡಿಸಿದಳು. ಆಮೇಲೆ ಪುಸ್ತಕ ಕೇಳಿ ಇಸಿದುಕೊಂಡು, ಆ ಪುಟದ ಮೇಲೆ ಕೈಯಾಡಿಸಿದಳು. ನಗು ಹಾಗೇ ಇತ್ತು, ಅದರ ಮೇಲೆಯೇ ಅಳು ಬಂತು. ‘ಮುಗೀತಲ್ಲೋ’ ಅಂದಳು. ‘ಮುಗ್ದೇಹೋಯ್ತಲ್ಲೋ. ಇಷ್ಟು ಬೇಗ.’

ಅರವತ್ತೆಂಟು ವರ್ಷ! ಹಬ್ಬಕ್ಕೆ ಉಳಿಸಿ, ನೆಂಟರಿಗೆ ಉಳಿಸಿ, ಜಗಳಕ್ಕೆ ಉಳಿಸಿ ಓದಿದವಳು ‘ಇಷ್ಟು ಬೇಗ’ ಅಂತ ಅತ್ತಳು. ಆ ಅಳು ನನಗೆ ಗೊತ್ತಿತ್ತು. ಕುಂಬಾರರ ಆವಿಗೆಯಲ್ಲಿ ಮಸಿ ಮೆತ್ತಿದ ಮುಖ ಇಟ್ಟುಕೊಂಡು ನಾನು ಅತ್ತ ಅಳುವೇ ಅದು, ಒಂದು ಹನಿ ಹೆಚ್ಚಿಲ್ಲ, ಒಂದು ಹನಿ ಕಡಿಮೆಯಿಲ್ಲ. ಮೂವತ್ತು ವರ್ಷ ನನ್ನ ಆತುರಕ್ಕೆ ಅಳುತ್ತಿದ್ದೇನೆ ಅಂದುಕೊಂಡಿದ್ದೆನಲ್ಲ, ಎಂಥಾ ದಡ್ಡ ನಾನು. ನಾನೂ ಅವಳ ಪಕ್ಕ ಕೂತು ಅತ್ತೆ. ಸೊಸೆ ಇಬ್ಬರ ಹಣೆಗೂ ಒದ್ದೆ ಬಟ್ಟೆ ಇಟ್ಟಳು.

ಅಜ್ಜಿ ಸಾಯಲಿಲ್ಲ. ಮೂರನೆಯ ದಿನಕ್ಕೆ ಜ್ವರ ಬಿಟ್ಟಿತು. ಬಿಟ್ಟಿದ್ದೇ ತಡ, ಎದ್ದು ಕೂತು ನನ್ನನ್ನು ಹಿಡಿದು ಬೈದಳು. ‘ನಾನೇನೋ ಜ್ವರದ ತಲೆಯಲ್ಲಿ ಓದು ಅಂದೆ, ನಿನಗೆ ಬುದ್ಧಿ ಬೇಡ್ವಾ? ನಾಲ್ಕು ಸಾಲು ಒಂದೇ ದಿನ ನುಂಗಿದೆಯಲ್ಲೋ!’  ಬೈಸಿಕೊಂಡೆ. ಊರೆಲ್ಲ ನುಂಗಣ್ಣ ಮತ್ತೆ ನುಂಗಿದ ಅಂತ ಆಡಿಕೊಂಡಿತು.

ಪುಸ್ತಕದಮ್ಮ ಶಾಲು ತಂದಳು, ಊರುಗೋಲು ತಂದಳು. ಎಲ್ಲರೂ ಎದ್ದು ನಿಂತರು. ಅಜ್ಜಿ ಬಯಲು ದಾಟಲು ಅರ್ಧ ದಿನ ತೆಗೆದುಕೊಂಡಳು, ಅಲ್ಲೂ ಜಿಪುಣತನ ಬಿಡಲಿಲ್ಲ. ಬಂದು ನನ್ನ ಪಕ್ಕವೇ ಕೂತಳು. ಮರುದಿನ ಬೆಳಿಗ್ಗೆ ಆ ಕಡೆಯಿಂದ ಗುಬ್ಬಿಗಳ ಸದ್ದು ಶುರುವಾಯಿತು. ಮುಂದೇನಂತೆ? ಯಾರಿಗೆ ಗೊತ್ತು! ಅಜ್ಜಿ ಅಭ್ಯಾಸಕ್ಕೆ ಮಡಿಲಲ್ಲಿ ಪಟ್ಟಿ ತಡವಿದಳು, ಓದಲು ಸಾಲೇ ಇಲ್ಲ ಅಂತ ನೆನಪಾಗಿ ಕೈ ಅಲ್ಲೇ ಬಿಟ್ಟಳು. ನನಗೆ ಅದನ್ನು ನೋಡಲು ಆಗಲಿಲ್ಲ. ನನಗೆ ಅಭ್ಯಾಸವಾಗಿತ್ತು, ಅವಳಿಗೆ ಅದು ಮೊದಲ ಬೆಳಿಗ್ಗೆ.

‘ನಿಂದೇನೋ ಕತೆ?’ ಅಂದಳು.

‘ಮುಗಿದು ಮೂವತ್ತು ವರ್ಷ ಆಯ್ತು ಅಜ್ಜಿ.’

‘ನಿನಗೆ ಮುಗೀತು. ನಾನು ಕೇಳಿದೀನಾ?’

ಬಿಳಿ ಪುಸ್ತಕ ಬಿಚ್ಚಿದೆ. ಅವಳು ಅದರ ಮೇಲೆ ತನ್ನ ಸವೆದ ಪಟ್ಟಿ ಇಟ್ಟಳು, ಕಟ್ಟಳೆ ಕಟ್ಟಳೆಯೇ ಅಂತ. ‘ಹೊಳೆ ದಾಟುವವರೆಲ್ಲ ನನ್ನ ದೋಣಿಯಲ್ಲಿ ಏನಾದರೊಂದು ಮರೆತುಹೋಗುತ್ತಾರೆ’ ಅಂದೆ. ಅಜ್ಜಿ ‘ಆಹಾ’ ಅಂದಳು. ‘ಮುಚ್ಚು’ ಅಂದಳು. ಮುಚ್ಚಿದೆ. ಮರುದಿನ ಇನ್ನೊಂದು. ಹತ್ತು ಸಾಲು ಒಂದು ಅಕ್ಷರ ತಪ್ಪದೆ ಬಂದವು, ಹತ್ತು ದಿನ ನಿಯತ್ತಾಗಿ ಓದಿದವನಲ್ಲವೆ ನಾನು. ಹನ್ನೊಂದನೆಯ ದಿನ ‘ಆ ಬೆಳಿಗ್ಗೆ ಆಚೆ ದಡಕ್ಕೆ ಹೋದ ನನ್ನ ತಮ್ಮ ಮರಳಿ’ ಅಂದು ನಿಲ್ಲಿಸಿದೆ.

‘ಮರಳಿ?’ ಅಂದಳು ಅಜ್ಜಿ. ನನ್ನ ತೋಳು ಹಿಡಿದುಕೊಂಡಳು. ಪಡುಜಗಲಿ, ಅಪಶಕುನ, ಎಲ್ಲ ಮರೆತು ನನ್ನ ಕಡೆ ತಿರುಗಿ ಕೇಳಿದಳು: ‘ಮುಂದೇನಂತೆ?’

ಬಾಯಿ ತೆರೆದೆ. ತಮ್ಮ ಕೊನೆಗೆ ಬರುತ್ತಾನೆ, ಅಷ್ಟು ಗೊತ್ತು. ಆದರೆ ಇಲ್ಲಿಂದ ಅಲ್ಲಿಯವರೆಗೆ? ಯಾರ ಮನೆಯಲ್ಲಿ ತಂಗಿದ, ಯಾರು ಹಾಡಿದರು, ದೋಣಿಯಲ್ಲಿ ಯಾರು ಏನು ಮರೆತರು? ನೆನೆಸಿಕೊಂಡೆ. ಓಡಿದವನಿಗೆ ದಾರಿ ಎಲ್ಲಿ ನೆನಪಿರುತ್ತದೆ? ಮುಂದಿನ ಸಾಲಿನ ಜಾಗದಲ್ಲಿ ಬರೀ ಬಿಳಿ. ನಾಳೆ ಬೆಳಿಗ್ಗೆಯೊಳಗೆ ಎಲ್ಲಿಂದಾದರೂ ಒಂದು ಸಾಲು ಹುಡುಕಿ ತರಬೇಕು.

‘ಯಾರಿಗೆ ಗೊತ್ತು ಅಜ್ಜಿ!’ ಅಂದೆ. ಅಂದ ಮೇಲೆ ಗೊತ್ತಾಯಿತು, ನಾನು ಸುಳ್ಳು ಹೇಳಿರಲಿಲ್ಲ.